ಅಜ್ಜಿಯ ದನಿ ಇರುವ ಡಿಸ್ಕ್

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
12 ನವೆಂಬರ್ 2006

ಅಪ್ಪಯ್ಯ, ಅಮ್ಮನಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಪುಟ್ಟನಿಗೆ ಸ್ವಲ್ಪ ಶೀತ, ಅಷ್ಟೇ. ಪಕ್ಕದ ಮನೆಯವರು ಬೆಂಗಳೂರಿಗೆ ಹೊರಟಿದ್ದರು. ಅವರ ಕೈಯಲ್ಲಿ ಚಿಕ್ಕಪ್ಪನಿಗೆ ಒಂದು ಪೊಟ್ಟಣ ಕೊಟ್ಟು ಕಳಿಸಿದ್ದೇನೆ. ಅದರಲ್ಲಿ ಆರಾರು ಡಿವಿಡಿ ಡಿಸ್ಕಿನ ಮೂರು ಕಟ್ಟು ಇವೆ. ಒಂದು ನಿಮಗೆ, ಒಂದು ಚಿಕ್ಕಪ್ಪನಿಗೆ, ಇನ್ನೊಂದು ಹೊಸನಗರದ ಅತ್ತೆಗೆ. 2004ರ ಜನವರಿಯಲ್ಲಿ ಸಾಗರಕ್ಕೆ ಬಂದಾಗ ತೆಗೆದಿದ್ದೆನಲ್ಲ, ಆ ವಿಡಿಯೋ ಪೂರ್ತಿ ಇದೆ.

ಹಿಂದೆ ಒಂದು ಡಿಸ್ಕ್ ಕಳಿಸಿದ್ದೆ, ನೆನಪಿದೆಯಾ? ನಮ್ಮ ಟಿವಿಯಲ್ಲಿ ಬಣ್ಣವೇ ಬರಲಿಲ್ಲ, ಚಿತ್ರ ಮೇಲೆ ಕೆಳಗೆ ಉರುಳುತ್ತಿತ್ತು ಅಂದಿದ್ದಿರಿ. ಅಜ್ಜಿ ತನ್ನನ್ನು ತಾನು ನೋಡಿದ್ದು ಆ ಕಪ್ಪುಬಿಳುಪಿನಲ್ಲೇ. ಅದಾಗಿ ಮೂರು ತಿಂಗಳಿಗೆ ಹೋಗಿಬಿಟ್ಟಳು. ಅವತ್ತಿನಿಂದ ಇದು ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ.

ಡಿಸ್ಕಿನಲ್ಲಾಗಲಿ ನಿಮ್ಮ ಟಿವಿಯಲ್ಲಾಗಲಿ ದೋಷ ಇರಲಿಲ್ಲ. ಸಣ್ಣ ಕ್ಯಾಸೆಟ್ ಹಾಕಿ ತೆಗೆಯುವ ನಮ್ಮ ಕ್ಯಾಮೆರಾ ಇಲ್ಲಿ ಕೊಂಡದ್ದು. ಅಮೆರಿಕದ್ದು ಎನ್‌ಟಿಎಸ್‌ಸಿ ಅನ್ನುವ ಟಿವಿ ಪದ್ಧತಿ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮ ಕಡೆಯದು ‘ಪಾಲ್’, ಸೆಕೆಂಡಿಗೆ 25. ಬಣ್ಣ ಕಳಿಸುವ ರೀತಿಯೂ ಬೇರೆ. ಹೊಸ ಟಿವಿಗಳು ಎರಡನ್ನೂ ತೋರಿಸುತ್ತವೆ, ಹಳೆಯವು ತೋರಿಸುವುದಿಲ್ಲ. ಈ ಸಲ ಎಲ್ಲವನ್ನೂ ‘ಪಾಲ್’ಗೆ ಬದಲಾಯಿಸಿದ್ದೇನೆ. ಒಂದೊಂದು ಕ್ಯಾಸೆಟ್ಟಿಗೂ ಕಂಪ್ಯೂಟರ್ ರಾತ್ರಿಯಿಡೀ ಓಡಿತು. ನಾನು ಕ್ಯಾಮೆರಾವನ್ನು ಬೇಗ ತಿರುಗಿಸಿದ ಕಡೆ ಚಿತ್ರ ಸ್ವಲ್ಪ ಜಗ್ಗಿದ ಹಾಗೆ ಕಾಣುತ್ತದೆ. ಬಣ್ಣ ಮಾತ್ರ ಚೆನ್ನಾಗಿ ಬರುತ್ತದೆ.

ಈ ಕ್ಯಾಸೆಟ್ಟುಗಳನ್ನು ಫೋಟೋ ಹಾಗೆ ಒಂದೇ ಸಲಕ್ಕೆ ಕಾಪಿ ಮಾಡಲು ಆಗುವುದಿಲ್ಲ. ಕ್ಯಾಮೆರಾದಿಂದ ಕಂಪ್ಯೂಟರಿಗೆ ಫೈರ್‌ವೈರ್ ಅಂತ ಒಂದು ಕೇಬಲ್ ಹಾಕಿ, ಕ್ಯಾಸೆಟ್ ಓಡಿಸಬೇಕು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ಅದು ಕಂಪ್ಯೂಟರಿನಲ್ಲಿ ಸುಮಾರು 13 ಜಿಬಿ ಜಾಗ ತಿನ್ನುತ್ತದೆ. ಹಾಗಾಗಿ ಎರಡೆರಡೇ ಕ್ಯಾಸೆಟ್ ಹಾಕಿ, ಡಿಸ್ಕ್ ಮಾಡಿ, ಅಳಿಸಿ, ಮತ್ತೆ ಮುಂದಿನದು. ಡಿಸ್ಕಿನಲ್ಲಿ ಹಿಡಿಯುವುದು 4.7 ಜಿಬಿ. ಒತ್ತಿ ಕುಗ್ಗಿಸಿದರೆ ಎರಡು ಗಂಟೆ ತುಂಬಿಸಬಹುದು, ಆದರೆ ಮುಖಗಳೆಲ್ಲ ಮಸುಕಾಗುತ್ತವೆ. ಅದಕ್ಕೇ ಒಂದು ಡಿಸ್ಕಿಗೆ ಒಂದೇ ಕ್ಯಾಸೆಟ್ ಹಾಕಿದ್ದೇನೆ.

ಹೀಗೆ ಆರು ರಾತ್ರಿ ಪುಟ್ಟ ಮಲಗಿದ ಮೇಲೆ ಕೂತು ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ನೋಡಿದೆ. ಹಿಂದಿನ ಡಿಸ್ಕಿಗೆ ಚೆಂದದ ತುಣುಕುಗಳನ್ನಷ್ಟೇ ಆರಿಸಿ, ಮೇಲೆ ಸಿನಿಮಾ ಹಾಡು ಹಾಕಿದ್ದೆ. ಹಾಡಿನ ಕೆಳಗೆ ಅಜ್ಜಿಯ ದನಿ ಪೂರ್ತಿ ಮುಚ್ಚಿಹೋಗಿತ್ತು. ಆಗ ಅದು ನನಗೆ ಹೊಳೆಯಲೇ ಇಲ್ಲ. ಈ ಸಲ ಹಾಡು ಹಾಕಿಲ್ಲ. ಏನನ್ನೂ ಕತ್ತರಿಸಿಯೂ ಇಲ್ಲ. ಅಪ್ಪಯ್ಯ ಅಡಿಕೆ ಚಪ್ಪರದ ಕೆಳಗೆ ಸುಮ್ನೆ ಪೇಪರ್ ಓದುತ್ತಾ ಕೂತಿರುವುದು ನಾಲ್ಕು ನಿಮಿಷ ಇದೆ. ಅದೂ ಇರಲಿ. ದೂರದಲ್ಲಿ ಇರುವವರಿಗೆ ಅಂಥದ್ದೇ ಬೇಕಾಗುತ್ತದೆ.

ಅಮ್ಮಾ, ಎರಡನೇ ಡಿಸ್ಕ್ ಮೊದಲು ಹಾಕು. ಆಲೆಮನೆಯಿಂದ ಕಬ್ಬಿನ ಹಾಲು ತಂದ ದಿನ ಅಜ್ಜಿ ತೊಡೆದೇವು ಮಾಡಿದ್ದು ಅದರಲ್ಲಿದೆ. ಕವುಚಿದ ಮಡಕೆಯ ಕೆಳಗೆ ಬೆಂಕಿ. ಅಜ್ಜಿ ಬಟ್ಟೆ ಸುತ್ತಿದ ಕೋಲನ್ನು ಹಿಟ್ಟಿನಲ್ಲಿ ಅದ್ದಿ ಒಂದೇ ಎಳೆತಕ್ಕೆ ಸವರುತ್ತಾಳೆ. ಕಾಗದಕ್ಕಿಂತ ತೆಳ್ಳಗೆ ಎದ್ದು ಬರುತ್ತದೆ, ಬಿಸಿ ಆರುವ ಮೊದಲೇ ಮಡಿಸುತ್ತಾಳೆ. ಅವಳ ಕೈ ಎಷ್ಟು ಬೇಗ ಓಡುತ್ತಿತ್ತು ಅಲ್ವಾ! ನಡುವೆ ನನ್ನ ಕಡೆ ತಿರುಗಿ, “ಕೂಸೇ, ಆ ಡಬ್ಬ ಆಚೆ ಇಡು, ಬಿಸಿ ಇರುವಾಗ ತಿನ್ನು” ಅನ್ನುತ್ತಾಳೆ. ಹಿಂದೆ ನಿನ್ನ ನಗು ಕೇಳಿಸುತ್ತದೆ. ನಾನು ಅದನ್ನು ಎಷ್ಟು ಸಲ ಹಿಂದೆ ಓಡಿಸಿ ಕೇಳಿದೆನೋ.

ಒಂದು ಬೇಜಾರಿನ ಸಂಗತಿ. ಅತ್ತೆಯ ಮಗನ ಮುಂಜಿಯ ವಿಡಿಯೋದಲ್ಲಿ ಹನ್ನೊಂದು ನಿಮಿಷ ಇಲ್ಲ. ಅದರ ಮೇಲೆ ಪುಟ್ಟನ ಹುಟ್ಟುಹಬ್ಬ ರೆಕಾರ್ಡ್ ಆಗಿಬಿಟ್ಟಿದೆ, ತಪ್ಪು ನನ್ನದೇ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಪಕ್ಕಕ್ಕೆ ಸರಿಸಿಟ್ಟರೆ ಮೇಲೆ ಇನ್ನೇನೂ ರೆಕಾರ್ಡ್ ಆಗುವುದಿಲ್ಲ. ಈಗ ಎಲ್ಲ ಕ್ಯಾಸೆಟ್ಟಿಗೂ ಸರಿಸಿದ್ದೇನೆ. ಅತ್ತೆಗೆ ನಾನೇ ಫೋನ್ ಮಾಡಿ ಹೇಳುತ್ತೇನೆ, ನೀವು ಮೊದಲೇ ಹೇಳಬೇಡಿ.

ಡಿಸ್ಕುಗಳನ್ನು ಅಂಚು ಹಿಡಿದೇ ಎತ್ತಿ. ಮೇಲೆ ಕಾಗದದ ಚೀಟಿ ಅಂಟಿಸಬೇಡಿ, ಮಳೆಗಾಲದಲ್ಲಿ ಅದು ಏಳುತ್ತದೆ, ಪ್ಲೇಯರಿನೊಳಗೆ ಸಿಕ್ಕಿಕೊಂಡರೆ ಕಷ್ಟ. ನಂಬರನ್ನು ನಾನೇ ಮೆತ್ತಗಿನ ಪೆನ್ನಿನಲ್ಲಿ ನಡುವಿನ ತೂತಿನ ಸುತ್ತ ಬರೆದಿದ್ದೇನೆ. ಐದೈದು ನಿಮಿಷಕ್ಕೆ ಒಂದು ಭಾಗ ಮಾಡಿದ್ದೇನೆ. ಕರೆಂಟ್ ಹೋಗಿ ಬಂದರೆ ಮೊದಲಿಂದ ನೋಡಬೇಕಿಲ್ಲ, ರಿಮೋಟಿನಲ್ಲಿ ಮುಂದಿನ ಭಾಗದ ಗುಂಡಿ ಒತ್ತಿ. ಅಜ್ಜಿ ತೊಡೆದೇವು ಮಾಡುವುದು ಎರಡನೇ ಡಿಸ್ಕಿನ ಐದನೇ ಭಾಗದಲ್ಲಿ. ಮೂಲ ಕ್ಯಾಸೆಟ್ಟುಗಳು ನನ್ನ ಹತ್ತಿರವೇ ಇರಲಿ. ಊರಿನ ತೇವಕ್ಕೆ ಬೂಷ್ಟು ಹಿಡಿದರೆ ಕಷ್ಟ.

ಅಮ್ಮಾ, ಎರಡು ವಿಷಯ ನೋಡಿ ಹೇಳು. ಅಜ್ಜಿಯ ಪಕ್ಕ ಹಸಿರು ಸೀರೆ ಉಟ್ಟು ಸೌದೆ ಒಟ್ಟುತ್ತಿರುವವರು ಯಾರು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಇನ್ನೊಂದು, ಕಬ್ಬಿನ ಹಾಲಿಗೆ ಅಕ್ಕಿ ಎಷ್ಟು ಅಂತ ಅಜ್ಜಿ ಹೇಳುವಾಗಲೇ ನಾಯಿ ಬೊಗಳುತ್ತದೆ. ಆ ಅಳತೆಯನ್ನು ನೀನು ಬರೆದು ಕಳಿಸು.

ನಿಮ್ಮ ಪ್ರೀತಿಯ
ಮಗಳು