ಕೂಟದ ವಾಲಿ, ಅಜ್ಜನ ರೇಡಿಯೊ

ಗೆಳೆಯಾ,

ತೀರ್ಥಹಳ್ಳಿ ಕಡೆ ಮಳೆ ಹಿಡಿದುಕೊಂಡಿದೆ. ಕರೆಂಟು ಹೋಗಿ ಮೂರು ದಿನವಾಯಿತು, ಮೊಬೈಲ್ ಸತ್ತಿದೆ. ಹಾಗಾಗಿ ನಿನಗೆ ಕಾಗದದ ಯೋಗ.

ಕಳೆದ ಶನಿವಾರ ನೆರೆಮನೆಯ ಜಗಲಿಯಲ್ಲಿ ತಾಳಮದ್ದಳೆ ಇತ್ತು, ವೇಷ ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ ಕೂಟ. ವಾಲಿಯ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳಿದವರಿಗೆ ಎಪ್ಪತ್ತು ದಾಟಿದೆ. ಬಿಳಿ ಪಂಚೆ, ಹೆಗಲಿಗೊಂದು ಶಾಲು, ಮೂಗಿನ ತುದಿಗೆ ಜಾರಿದ ಕನ್ನಡಕ, ಎದುರಿಗೆ ಒಂದು ಲೋಟ ಬಿಸಿನೀರು. ‘ಮರೆಯಲ್ಲಿ ನಿಂತು ಹೊಡೆದೆಯಲ್ಲ ರಾಮ’ ಎಂದು ಅವರು ತಣ್ಣಗೆ ಕೇಳಿದರು ನೋಡು, ಎದೆಗೆ ಬಾಣ ನಾಟಿದ ಕಪಿರಾಜ ಆ ಚಾಪೆಯ ಮೇಲೇ ಬಿದ್ದಿದ್ದ. ನನ್ನ ಪಕ್ಕದವರು ಕವಳ ಉಗುಳುವುದಕ್ಕೂ ಏಳಲಿಲ್ಲ. ರಂಗದ ಮೇಲಿನ ಯಕ್ಷಗಾನ ಆಟದಲ್ಲಾದರೆ ಬಣ್ಣ, ಕಿರೀಟ, ಕುಣಿತ ಎಲ್ಲವನ್ನೂ ವೇಷಧಾರಿಗಳೇ ತರುತ್ತಾರೆ. ಕೂಟದಲ್ಲಿ ವೇಷ ಕಟ್ಟುವ ಕೆಲಸ ಕೇಳಲು ಕುಳಿತವನದು.

ಕೆನಡಾದ ಮಾಧ್ಯಮ ಚಿಂತಕ ಮಾರ್ಷಲ್ ಮೆಕ್‌ಲೂಹನ್ 1964ರಲ್ಲಿ ಮಾಧ್ಯಮಗಳನ್ನು ಬಿಸಿ, ತಂಪು ಎಂದು ಬೇರ್ಪಡಿಸಿದ್ದು ನಿನಗೆ ಗೊತ್ತಲ್ಲ. ಒಂದೇ ಇಂದ್ರಿಯಕ್ಕೆ ವಿವರ ತುಂಬಿ ಬಡಿಸುವುದು ಬಿಸಿ. ಅರೆಬರೆ ಬಡಿಸಿ ಉಳಿದದ್ದನ್ನು ನಮ್ಮಿಂದಲೇ ತುಂಬಿಸಿಕೊಳ್ಳುವುದು ತಂಪು, ನಮ್ಮ ಕೂಟದ ಹಾಗೆ. ಸಿನಿಮಾ, ರೇಡಿಯೊ ಬಿಸಿ. ಟೆಲಿಫೋನು, ವ್ಯಂಗ್ಯಚಿತ್ರ, ಆ ಕಾಲದ ಚುಕ್ಕೆ ಚುಕ್ಕೆ ಟಿ.ವಿ. ತಂಪು. ಉಪನ್ಯಾಸ ಬಿಸಿಯಂತೆ, ವಿಚಾರಗೋಷ್ಠಿ ತಂಪಂತೆ. (ನಾನು ಕಂಡ ಗೋಷ್ಠಿಗಳಲ್ಲಿ ತಂಪಾಗಿದ್ದದ್ದು ಕಾಫಿ ಮಾತ್ರ.)

ರೇಡಿಯೊ ಬಗ್ಗೆ ನನ್ನದೊಂದು ತಕರಾರಿದೆ. ಆಷಾಢದಲ್ಲಿ ನಮ್ಮ ಮನೆಗೆ ಭದ್ರಾವತಿ ಆಕಾಶವಾಣಿ ಗೊರಗೊರ ಎನ್ನುತ್ತಲೇ ಬರುತ್ತಿತ್ತು. ಅಜ್ಜ ಪೆಟ್ಟಿಗೆಗೆ ಕಿವಿಯೊತ್ತಿ ಕೂರುತ್ತಿದ್ದ. ಅಡಿಕೆ ಧಾರಣೆ ಹೇಳುವ ಹೊತ್ತಿಗೆ ಸರಿಯಾಗಿ ಒಂದು ಗುಡುಗು ಬಂದು ಅಂಕಿಯನ್ನು ನುಂಗುತ್ತಿತ್ತು. ಅಜ್ಜ ತಾನೇ ಒಂದು ಅಂಕಿ ತುಂಬಿ ನಮಗೆಲ್ಲ ಸಾರುತ್ತಿದ್ದ, ಯಾವಾಗಲೂ ನೂರು ರೂಪಾಯಿ ಹೆಚ್ಚಿಗೇ. ಮೆಕ್‌ಲೂಹನ್ನರ ಅಳತೆಗೋಲಿನಲ್ಲೇ ಅಳೆದರೂ ಆ ಪೆಟ್ಟಿಗೆ ತಂಪೇ ತಾನೆ? ಸಾಧನದ ಜಾತಿ ನೋಡಿದರೆ ಸಾಲದು, ಅದು ಯಾವ ಮಳೆಯಲ್ಲಿ ನೆನೆದು ಮನೆಗೆ ಬಂತು ಎನ್ನುವುದನ್ನೂ ನೋಡಬೇಕು.

ಮೊನ್ನೆಯ ಕೂಟವನ್ನು ಹುಡುಗನೊಬ್ಬ ಮೊಬೈಲ್‌ನಲ್ಲಿ ಹಿಡಿದಿದ್ದಾನೆ. ಚಾರ್ಜು ಮುಗಿಯುವ ಮೊದಲು ಸ್ವಲ್ಪ ನೋಡಿದೆ. ಕನ್ನಡಕ, ಲೋಟ, ಅವರ ಶಾಲಿನ ಅಂಚು ಎಲ್ಲವೂ ಸ್ಪಷ್ಟವಾಗಿದೆ, ವಾಲಿಯೊಬ್ಬ ಇಲ್ಲ. ಕರೆಂಟು ಬಂದ ಮೇಲೆ ಕಳಿಸುತ್ತೇನೆ, ಮೊಬೈಲನ್ನು ಬೋರಲು ಹಾಕಿ ಕೇಳು.

ಇಂತಿ,
ನಿನ್ನ ಗೆಳೆಯ