90 ದಿನದ ಪ್ಯಾಕೇಜ್ ನಿಲ್ಲಿಸುತ್ತಿದ್ದೇವೆ

ನಮ್ಮ ಜಿಮ್ಮಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ '90 ದಿನದಲ್ಲಿ ಬಾಡಿ' ಪ್ಯಾಕೇಜ್ ಇರುವುದಿಲ್ಲ. ಹಣ ಕಟ್ಟಿದವರು ಗಾಬರಿಯಾಗಬೇಡಿ, ಉಳಿದ ದಿನಗಳನ್ನು ಮಾಮೂಲಿ ಫೀಸಿಗೆ ಹೊಂದಿಸುತ್ತೇವೆ, ಅದೂ ಬೇಡ ಅಂದರೆ ಹಣ ವಾಪಸ್.

ಯಾಕೆ ಅಂದರೆ, ಮಳೆಗಾಲಕ್ಕೆ ಮುಂಚೆ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ರೂಮ್‌ಮೇಟ್ ಜೊತೆ ಇದಕ್ಕೆ ಸೇರಿದ್ದ. ಒಂದು ದಿನ ತಪ್ಪಿಸಲಿಲ್ಲ. ಎತ್ತಿದ ಭಾರವನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದ. ಬರೀ ರಾಡ್, ಅಂದರೆ 20 ಕೆಜಿ, ಎತ್ತಲು ಕೈ ನಡುಗುತ್ತಿದ್ದವನು ಮೂರು ತಿಂಗಳಲ್ಲಿ ಬೆಂಚಿನ ಮೇಲೆ ಮಲಗಿ 45 ಕೆಜಿ ಎತ್ತಿದ. ಆದರೆ ತೋಳಿನ ಸುತ್ತಳತೆ ಅರ್ಧ ಇಂಚೂ ಏರಿರಲಿಲ್ಲ, ರೂಮ್‌ಮೇಟ್‌ಗೆ ಮಾತ್ರ ಅಂಗಿ ತೋಳು ಬಿಗಿಯಾಗುತ್ತಿತ್ತು. 'ನನ್ನ ಮೈಯೇ ಸರಿ ಇಲ್ಲಣ್ಣ' ಅಂದು ಹೋದವನು ಮತ್ತೆ ಬರಲಿಲ್ಲ. ನಮಗೆ ತುಂಬಾ ಬೇಜಾರಾಯಿತು. ತಪ್ಪು '90 ದಿನದಲ್ಲಿ ಬಾಡಿ' ಎಂದ ನಮ್ಮ ಬೋರ್ಡಿನದು.

2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 585 ಜನರಿಗೆ 12 ವಾರ ಒಂದೇ ತರಹದ ತೋಳಿನ ವ್ಯಾಯಾಮ ಮಾಡಿಸಿದ್ದರು. ಕೆಲವರ ಸ್ನಾಯು ಚೂರೂ ಬೆಳೆಯಲಿಲ್ಲ, ಶೇ. 59ರವರೆಗೆ ಬೆಳೆದವರೂ ಇದ್ದರು. ಹೀಗಿರುವಾಗ ಎಲ್ಲರಿಗೂ ಒಂದೇ ಗಡುವು ಹೇಗೆ ಕೊಡುವುದು?

ಮೈಕಟ್ಟನ್ನು ಎಕ್ಟೋಮಾರ್ಫ್ (ಸಪೂರ), ಮೆಸೊಮಾರ್ಫ್ (ಕಟ್ಟುಮಸ್ತು), ಎಂಡೋಮಾರ್ಫ್ (ದಪ್ಪ) ಎಂದು ವಿಂಗಡಿಸುವ ಚಾರ್ಟನ್ನೂ ತೆಗೆದಿದ್ದೇವೆ. ಅದು 1940ರ ದಶಕದಲ್ಲಿ ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ ಮಾಡಿದ ವಿಂಗಡಣೆ, ಮೈಕಟ್ಟು ನೋಡಿ ಮನುಷ್ಯನ ಸ್ವಭಾವ ಹೇಳಲು ಹೊರಟಿದ್ದರು ಅವರು. ಮೂಳೆಯ ಅಗಲ, ಎತ್ತರ ಹುಟ್ಟಿನಿಂದ ಬರುವುದು ನಿಜ. ಆದರೆ ಸಣ್ಣ ಮೈ ಅಂದರೆ ಶಕ್ತಿ ಇಲ್ಲ ಅಂತಲ್ಲ. ನಮ್ಮ ತೋಟಗಳಲ್ಲಿ ಅಡಿಕೆ ಕೊನೆ ಕೊಯ್ಯುವವರನ್ನು ನೀವೇ ನೋಡಿದ್ದೀರಿ ಅಲ್ವಾ, ಸಪೂರ ಮೈಯಲ್ಲೇ ಮರದಿಂದ ಮರಕ್ಕೆ ದಾಟುತ್ತಾರೆ.

ಇನ್ನು ಮುಂದೆ ಎಲ್ಲರಿಗೂ ಒಂದು ನೋಟ್‌ಬುಕ್. ತಿಂಗಳಿಗೊಮ್ಮೆ ತೋಳು, ಎದೆ, ಸೊಂಟ ಅಳೆದು, ಎತ್ತುವ ಭಾರವನ್ನೂ ಬರೆದು, ನಿಮ್ಮದೇ ಮೊದಲ ಪುಟದ ಜೊತೆ ಹೋಲಿಸುತ್ತೇವೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಇರುವವರು ನಮ್ಮಲ್ಲಿ ಜಾಸ್ತಿ. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಮೊದಲು ಅದನ್ನು ಇಳಿಸೋಣ. ಸ್ನಾಯು ಬೆಳೆಯಲು ಸಾಮಾನ್ಯವಾಗಿ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಸಾಕು. ಸುಮ್ನೆ ಡಬ್ಬದ ಪುಡಿಗೆ ದುಡ್ಡು ಹಾಕುವ ಮುಂಚೆ ಮೊಟ್ಟೆ, ಮೀನು, ಮೊಸರು, ಕಾಳು ಎಷ್ಟು ತಿನ್ನುತ್ತೀರಿ ಅಂತ ಲೆಕ್ಕ ಹಾಕಿ. ತಿಂಗಳ ಫೀಸ್ ಮೊದಲಿನಷ್ಟೇ.

ಆ ಹುಡುಗನ ನೋಟ್‌ಬುಕ್ ಕೌಂಟರ್‌ನಲ್ಲೇ ಇದೆ. ಅವನ ಪರಿಚಯ ಇದ್ದವರು ಈ ಪತ್ರವನ್ನು ಅವನಿಗೆ ಕಳಿಸಿ. ಅವನು ಬಂದರೆ ಮುಂದಿನ ಆರು ತಿಂಗಳು ಫೀಸ್ ತೆಗೆದುಕೊಳ್ಳುವುದಿಲ್ಲ.