ಹಾರ ಹಾಕುವಷ್ಟರಲ್ಲಿ ಮಕ್ಕಳ ಮೈ ಆರಿಹೋಯಿತು

ಮಾನ್ಯ ಸಂಪಾದಕರೇ,

ಅಂತರ ಕಾಲೇಜು ಕ್ರೀಡಾಕೂಟದ ಬಗ್ಗೆ ಸೋಮವಾರ ನಿಮ್ಮಲ್ಲಿ ಬಂದ ವರದಿ ಓದಿದೆ. ಕೊನೆಯಲ್ಲಿ ‘ವಿದ್ಯಾರ್ಥಿನಿಯೊಬ್ಬಳಿಗೆ ಸಣ್ಣ ಗಾಯ’ ಎಂದಿದೆ. ಅವಳು ನನ್ನ ಮಗಳು. ಗಾಯ ಸಣ್ಣದಲ್ಲ. ತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್ ಅನ್ನುತ್ತಾರಲ್ಲ, ಅದು ಹರಿದಿದೆ. ಆರು ವಾರ ಓಡುವ ಹಾಗಿಲ್ಲ.

ಮಕ್ಕಳನ್ನು ಬೆಳಿಗ್ಗೆ 7ಕ್ಕೇ ಕರೆಸಿದ್ದರು. ಮಗಳು ಬಂದವಳೇ ಎರಡು ಸುತ್ತು ನಿಧಾನ ಓಡಿ, ಮಂಡಿ ಎತ್ತಿ, ಕಾಲು ಬೀಸಿ, ವಾರ್ಮ್ ಅಪ್ ಮಾಡಿಕೊಂಡಳು. ಅಷ್ಟರಲ್ಲಿ ಸೀಟಿ ಊದಿ ಎಲ್ಲರನ್ನೂ ಸಾಲಾಗಿ ಕೂರಿಸಿದರು. ಅತಿಥಿಗಳು ಬಂದಿದ್ದು 10 ಗಂಟೆಗೆ. ಆಮೇಲೆ ಹಾರ, ಶಾಲು, ಆರು ಜನರ ಭಾಷಣ. 11.15ಕ್ಕೆ ಅದು ಮುಗಿದ ಕೂಡಲೇ 200 ಮೀಟರ್ ಓಟಕ್ಕೆ ಕೂಗಿದರು. ‘ಸರ್, ಹತ್ತು ನಿಮಿಷ ಕೊಡ್ರಿ’ ಎಂದು ಹುಡುಗಿಯರು ಬೇಡಿಕೊಂಡರೆ, ‘ನಮ್ಮೂರ ಬಿಸಿಲಾಗ ಬ್ಯಾರೆ ವಾರ್ಮ್ ಅಪ್ ಯಾಕವ್ವಾ, ನಿಲ್ಲು’ ಎಂದರಂತೆ. ತಿರುವಿನಲ್ಲಿ ಪಟ್ ಎಂದು ಸದ್ದಾಯಿತು ಅಂತ ಮಗಳು ಹೇಳುತ್ತಾಳೆ.

ಕಲಬುರಗಿ ಬಿಸಿಲು ಚರ್ಮ ಸುಡುತ್ತದೆ. ಆದರೆ ಸ್ನಾಯು ತಯಾರಾಗುವುದು ಓಡಾಡಿದಾಗ ಮಾತ್ರ. ರಕ್ತ ಹರಿಯಬೇಕು, ಕೀಲು ಸಡಿಲಾಗಬೇಕು. ಸುಮ್ನೆ ಕೂತರೆ ಹದಿನೈದು ಇಪ್ಪತ್ತು ನಿಮಿಷದಲ್ಲೇ ಆ ಬಿಸಿ ಇಳಿಯಲು ಶುರುವಾಗುತ್ತದೆ. ಇವರು ಮೂರೂವರೆ ಗಂಟೆ ಕೂರಿಸಿದರು. ಫುಟ್‌ಬಾಲ್ ಆಡುವವರಿಗೆ ಫಿಫಾದವರ ‘11+’ ಎಂಬ ವಾರ್ಮ್ ಅಪ್ ಇದೆ, ಒಟ್ಟು 20 ನಿಮಿಷದ್ದು. ನಾರ್ವೆಯಲ್ಲಿ ಹುಡುಗಿಯರ ತಂಡಗಳಿಗೆ ಅದನ್ನು ಮಾಡಿಸಿ ನೋಡಿದ್ದಾರೆ. ಗಾಯ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು ಎಂದು 2008ರಲ್ಲೇ ಪ್ರಕಟವಾಗಿದೆ. ಇದನ್ನು ನನಗೆ ಹೇಳಿದ್ದು ಫಿಸಿಯೋ. ಕೂಟ ನಡೆಸುವವರಿಗೆ ಗೊತ್ತಿರಬೇಕಿತ್ತು ಅಲ್ವಾ?

ಓಟ ಮುಗಿದ ಮೇಲಿನ ಕಥೆಯೂ ಅಷ್ಟೇ. ಜೋರಾಗಿ ಓಡಿದವರು ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ಐದು ಹತ್ತು ನಿಮಿಷ ನಡೆದಾಡಬೇಕು. 1500 ಮೀಟರ್ ಓಡಿ ಬಂದ ಹುಡುಗನನ್ನು ಅಲ್ಲೇ ಫೋಟೊಗೆ ನಿಲ್ಲಿಸಿದರು. ನನ್ನ ಕಣ್ಣೆದುರೇ ಕುಸಿದ. ನಮ್ಮ ಹುಡುಗರದ್ದೂ ತಪ್ಪಿದೆ. ಎರಡು ಸಲ ಬಗ್ಗಿ ಕಾಲ್ಬೆರಳು ಮುಟ್ಟಿ ಗೆರೆಗೆ ಬಂದು ನಿಲ್ಲುತ್ತಾರೆ. ಓಡಿದ ಮೇಲೆ ಬೇವಿನ ಮರದ ಕೆಳಗೆ ಮೊಬೈಲ್ ಹಿಡಿದು ಕೂರುತ್ತಾರೆ. ಆದರೆ ಕಲಿಸಿದವರು ಯಾರು?

ಮೈದಾನದಲ್ಲಿ ಸ್ಟ್ರೆಚರ್ ಇರಲಿಲ್ಲ. ಐಸ್ ಇರಲಿಲ್ಲ. ರಸ್ತೆ ದಾಟಿ ಶರಬತ್ತಿನ ಅಂಗಡಿಯಿಂದ ಐಸ್ ತಂದವನು ನಾನು. ಸ್ಕ್ಯಾನ್‌ಗೆ 6,000 ರೂಪಾಯಿ ಹೋಯಿತು. ಮೂರು ದಿನ ನನ್ನ ಅಂಗಡಿ ಬಾಗಿಲು ತೆಗೆದಿಲ್ಲ. ಮುಂದಿನ ವಾರ ಪರೀಕ್ಷೆ, ಕೊಠಡಿ ಮೂರನೇ ಮಹಡಿಯಲ್ಲಿ. ನಾನೇ ಹೊತ್ತುಕೊಂಡು ಹತ್ತಬೇಕು.

ಅದೇ ಮೈದಾನದಲ್ಲಿ ಸಭೆಗೆ ಪೆಂಡಾಲ್ ಹಾಕಿ ತೋಡಿದ ಗುಂಡಿಗಳನ್ನು ಇವತ್ತಿಗೂ ಸರಿಯಾಗಿ ಮುಚ್ಚಿಲ್ಲ. ನಲ್ಲಿಯಲ್ಲಿ ನೀರಿಲ್ಲ. ದೈಹಿಕ ಶಿಕ್ಷಣದ ಹುದ್ದೆ ಖಾಲಿ ಬಿಟ್ಟು ಅತಿಥಿ ಉಪನ್ಯಾಸಕರ ಮೇಲೆ ವರ್ಷ ದೂಡುತ್ತಾರೆ. 2014ರಲ್ಲಿ ಊರಿನ ಹೆಸರು ಬದಲಾಯಿತು, 2019ರಲ್ಲಿ ಭಾಗದ ಹೆಸರು ಕಲ್ಯಾಣ ಕರ್ನಾಟಕ ಆಯಿತು. ಅಧಿಕಾರಿಗಳ ಬುದ್ಧಿ ಬದಲಾಗಲಿಲ್ಲ. ನಮ್ಮ ಓಣಿಯ ಚರಂಡಿಗೆ ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ಪ್ರತಿ ಸಲವೂ ‘ನಾಳೆ ಬರ್ರಿ’ ಎನ್ನುತ್ತಾರೆ.

ಉದ್ಘಾಟನೆ ಸಂಜೆ ಇಟ್ಟುಕೊಳ್ಳಿ, ಇಲ್ಲವೇ ಬಿಟ್ಟೇಬಿಡಿ. ಪ್ರತಿ ಓಟಕ್ಕೂ ಮೊದಲು ಮಕ್ಕಳಿಗೆ ಟೈಮ್ ಕೊಡಿ. ಖಾಲಿ ಹುದ್ದೆ ತುಂಬಿ. ಮೊದಲು ಆ ನಲ್ಲಿಗೆ ನೀರು ಬಿಡಿ. ‘ಯಾಕವ್ವಾ’ ಎಂದವರು ಒಂದು ಸಲ ನಮ್ಮ ಮನೆಗೆ ಬಂದು ಮಗಳ ಮುಖ ನೋಡಲಿ. ನಾಚಿಕೆ ಆಗಬೇಕು ಇವರಿಗೆ.

— ನೊಂದ ತಂದೆ, ಕಲಬುರಗಿ